ನೀಡಿದವರು ಉಣ್ಣಲಿಲ್ಲ

ನಮ್ಮ ನೆರವಿನ ಸೇವೆ ಪ್ರಾರ್ಥನೆಯಲ್ಲಿ ಹುಟ್ಟಿತು ಎಂದು ಪಾಸ್ಟರ್ ಈಗಲೂ ಮೈಕಿನಲ್ಲಿ ಹೇಳುತ್ತಾರೆ. ಸುಳ್ಳು. ಅದು ಹುಟ್ಟಿದ್ದು ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ, ಖಡಕ್ ರೊಟ್ಟಿಯ ಗಂಟುಗಳ ನಡುವೆ, ನಾನೂ ನಮ್ಮ ಮನೆಯವರೂ ಜಗಳಾಡುತ್ತಿದ್ದಾಗ. ಅವರು ಬಸ್ ಓಡಿಸಿ ನಿವೃತ್ತರಾದವರು. ಹೊಳೆ ಕಡೆಯ ರಸ್ತೆ ಕಿತ್ತು ಹೋಗಿದೆ, ಬಾಡಿಗೆ ಟೆಂಪೋ ಹೂತರೆ ಯಾರು ಎತ್ತುತ್ತಾರೆ ಎಂಬುದು ಅವರ ವಾದ. ಎರೆಮಣ್ಣಿನಲ್ಲಿ ಟೆಂಪೋ ಹೂತರೆ ರೊಟ್ಟಿ ತಲೆಯ ಮೇಲೆ ಹೊತ್ತು ನಡೆಯೋಣ ಎಂಬುದು ನನ್ನದು. ಕೊನೆಗೆ ನಾನೇ ಗೆದ್ದೆ. ನಮ್ಮ ಮನೆಯಲ್ಲಿ ಹೆಚ್ಚಾಗಿ ಹಾಗೇ ಆಗುತ್ತದೆ.

ಆ ವರ್ಷ ನಮ್ಮ ಕಡೆ ಹೇಳಿಕೊಳ್ಳುವಂಥ ಮಳೆಯೇ ಬಿದ್ದಿರಲಿಲ್ಲ. ಮೇಲೆ ಎಲ್ಲೋ ಬಿದ್ದ ಮಳೆ, ಡ್ಯಾಮಿನ ನೀರಾಗಿ, ಮಲಪ್ರಭೆಯ ದಂಡೆ ಹಾರಿ ಬಂತು. ನೆತ್ತಿಯ ಮೇಲೆ ಬಿಸಿಲು, ಮನೆಯೊಳಗೆ ಎದೆಮಟ್ಟದ ನೀರು. ದಂಡೆಯ ಊರುಗಳ ಮಣ್ಣಿನ ಮನೆಗಳು ನೆನೆದು ಕೂತುಬಿಟ್ಟವು. ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಸಾಲೆಗೆ ಬಂದು ಸೇರಿದರು. ಸುದ್ದಿ ತಿಳಿದದ್ದೇ ತಡ, ಯಾರೂ ಕೇಳದೆ, ಯಾರೂ ಹೇಳದೆ, ಸವಡಿ, ಅಬ್ಬಿಗೇರಿ, ಗಜೇಂದ್ರಗಡದ ಓಣಿಗಳಿಂದ ರೊಟ್ಟಿ ಬರತೊಡಗಿದವು. ಹಳೆ ಧೋತರದಲ್ಲಿ ಕಟ್ಟಿದ ರೊಟ್ಟಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೇಂಗಾ ಹಿಂಡಿ. ಕಳಿಸಿದವರು ಯಾರೂ ಹೆಸರು ಬರೆದಿರಲಿಲ್ಲ.

ಇದಕ್ಕೆ ನಮ್ಮಲ್ಲಿ ಬುತ್ತಿ ಎನ್ನುತ್ತಾರೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು, ಓಣಿಯವರು ಅಡುಗೆ ಮಾಡಿ ತರುತ್ತಾರೆ. ತಂದು ಇಟ್ಟು ಹೋಗುವಂತಿಲ್ಲ. ದುಃಖದವರ ಪಂಕ್ತಿಯಲ್ಲಿ ತಾವೂ ಕೂತು, ಒಂದು ತುತ್ತಾದರೂ ಉಂಡು, ಅವರಿಗೂ ಉಣ್ಣಿಸಿ ಏಳಬೇಕು. ತಂದವರು ಉಣ್ಣದಿದ್ದರೆ ಅದು ಬುತ್ತಿಯಲ್ಲ. ಅಜ್ಜನ ಕಾಲದಿಂದ ಕಿರಸ್ತಾನರಾದ ನಮ್ಮ ಮನೆತನದಲ್ಲೂ ಈ ರೂಢಿ ತಪ್ಪಿಲ್ಲ. ಧರ್ಮ ಬದಲಾದರೂ ಸಾವಿನ ಮನೆಯ ಹಸಿವು ಬದಲಾಗುವುದಿಲ್ಲವಲ್ಲ.

ನಾನು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಹಾಸ್ಟೆಲಿನಲ್ಲೇ ಕೂದಲು ಹಣ್ಣಾದವಳು. ದೊಡ್ಡ ಹಂಡೆ ಕಂಡರೆ ಕೈ ಸುಮ್ಮನಿರುವುದಿಲ್ಲ. ರೊಟ್ಟಿಯ ಜೊತೆ ಒಂದು ಹಂಡೆ ಬೇಳೆಸಾರನ್ನೂ ಏರಿಸಿಕೊಂಡು ದಂಡೆಯ ಒಂದು ಊರಿನ ಸಾಲೆಗೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಅವರು ಉಂಡದ್ದನ್ನು ನಾಲ್ಕು ಜನರ ಮುಂದೆ ಎತ್ತಿ ಆಡಿದ ಹಾಗಾಗುತ್ತದೆ. ಎಲ್ಲರಿಗೂ ನೀಡಿ ಮುಗಿಸಿ ನಾನು ಹಂಡೆ ತೊಳೆಯಲು ಎತ್ತಿದೆ. ಕಂಬಕ್ಕೊರಗಿ ಕೂತಿದ್ದ ಹೆಂಗಸೊಬ್ಬಳು ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಕಡೆ ನೋಡಿದಳು.

"ನೀ ಯಾಕ ನಿಂತಿ? ಕುಂದ್ರು. ನಾವಷ್ಟ ಉಂಡ್ರ ಅದೇನ್ ಚಂದ?"

"ಅಕ್ಕಾ, ನಾವು ಕಿರಸ್ತಾನರು," ಎಂದೆ. ಆಮೇಲೆ ತಿಳಿದು ಯಾರೂ ಬೇಜಾರಾಗಬಾರದು ಎಂದು ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ.

"ಹೊಟ್ಟಿ ಇಲ್ಲೇನ್ ನಿಮಗ?" ಎಂದಳು. ಪಕ್ಕದಲ್ಲಿ ಜಾಗ ಬಿಟ್ಟಳು. ನಾನು ಕೂತು ಉಂಡೆ. ನಮ್ಮ ಮನೆಯವರೂ ಉಂಡರು. ಸಾಲೆಯಲ್ಲಿ ಅವತ್ತು ಮೊದಲ ಸಲ ಯಾರೋ ನಕ್ಕರು.

ಅವಳು ನನಗಿಂತ ಸ್ವಲ್ಪ ದೊಡ್ಡವಳು. ಗಂಡನಿಲ್ಲ, ಗಂಡುಮಕ್ಕಳಿಲ್ಲ, ಇರುವುದೊಂದು ಎಮ್ಮೆ, ಹೊಳೆಯ ನೀರು ನಿಂತ ಒಂದಿಷ್ಟು ಹೊಲ, ಬಾಗಲಕೋಟೆ ಕಡೆ ಕೊಟ್ಟ ಒಬ್ಬಳೇ ಮಗಳು. ಆ ಮಗಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಬಂದವಳು ನೀರಿಗೆ ಸಿಕ್ಕಿಕೊಂಡಿದ್ದಳು. ನನಗೆ ಅಕ್ಕ ತಂಗಿಯರಿಲ್ಲ, ಮಕ್ಕಳೂ ಇಲ್ಲ. ಹೋದಾಗಲೆಲ್ಲ ಅವಳ ಪಕ್ಕದಲ್ಲೇ ನನ್ನ ಜಾಗ ಎಂದಾಯಿತು. ಅವಳು ನನ್ನನ್ನು ತಂಗಿ ಎಂದಳು, ಮಗಳು ಚಿಗವ್ವ ಎಂದಳು. ಈ ವಯಸ್ಸಿನಲ್ಲಿ ಹೊಸದಾಗಿ ಒಬ್ಬರು ಹಾಗೆ ಕರೆದರೆ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಕರೆಸಿಕೊಂಡವರೇ ಬಲ್ಲರು.

ಒಂದು ದಿನ ಅವಳು ನನ್ನ ಕೈ ಹಿಡಿದು ಅತ್ತಳು. ಮನೆ ಬಿದ್ದದ್ದಕ್ಕಲ್ಲ. "ತವರ ಮನ್ಯಾಗ ಬಾಣಂತನ ಮಾಡಲಿಲ್ಲ ಅಂದ್ರ ಬೀಗರು ಏನಂದಾರು, ತಂಗಿ? ಆಕಿಗೆ ಕೂಡಾಕ ಒಂದ್ ಮೂಲಿ ಇಲ್ಲ, ಕಾಸಾಕ ಒಂದ್ ಒಲಿ ಇಲ್ಲ."

"ಒಲಿ ನಂದು. ಚಿಗವ್ವ ಅಂತ ಕರೆಸ್ಕೊಂಡೇನಿ. ಆಕಿ ಬಾಣಂತನದ ಊಟ ನನ್ನ ಕೈಯಾಗ ಬಿಡು," ಎಂದೆ. ಅವಳು ಕಣ್ಣೊರೆಸಿಕೊಂಡಳು. ಆ ಮಾತು ನನಗೆ ವಚನವೇ ಆಯಿತು.

ನೀರು ಇಳಿದ ಮೇಲೆ ಸರ್ಕಾರದ ಊಟದ ಕೇಂದ್ರ ಮುಚ್ಚಿತು. ನೀರು ಹೋಯಿತಲ್ಲ, ಇನ್ನು ಮನೆಗೆ ಹೋಗಿ ಎಂದರು. ಯಾವ ಮನೆಗೆ? ಊರ ಹೊರಗೆ ತಗಡಿನ ಶೆಡ್ಡುಗಳು ಎದ್ದವು, ಒಂದಕ್ಕೊಂದು ಅಂಟಿಕೊಂಡು, ಒಲೆ ಹೂಡಲು ಜಾಗವಿಲ್ಲದಂತೆ. ರೊಟ್ಟಿಯ ಗಂಟುಗಳೂ ಕಮ್ಮಿಯಾದವು. ಜನರಿಗೆ ಅವರವರ ಕೆಲಸಗಳಿದ್ದವು. ಆಗ ನಾನೇ ಗಜೇಂದ್ರಗಡದ ನಮ್ಮ ಸಣ್ಣ ಚರ್ಚಿನ ಸಭೆಗೆ ಹೋಗಿ, ಆರಾಧನೆ ಮುಗಿದ ಮೇಲೆ ಎದ್ದು ನಿಂತು, ಅಲ್ಲೊಂದು ಕಾಯಂ ಅಡುಗೆಮನೆ ಬೇಕು, ಹೊಸ ಮನೆಗಳಾಗುವ ತನಕವಾದರೂ ನಡೆಯಬೇಕು ಎಂದು ಕೇಳಿಕೊಂಡೆ. ಜನ ಒಪ್ಪಿದರು. ಜೋಳ ಕೊಟ್ಟರು, ಬೇಳೆ ಕೊಟ್ಟರು, ಒಬ್ಬ ಮುದುಕಿ ತನ್ನ ಮದುವೆಯ ತಾಮ್ರದ ಹಂಡೆ ಕೊಟ್ಟಳು. ಪಾಸ್ಟರ್ ಅದಕ್ಕೊಂದು ಹೆಸರು ಕೊಟ್ಟರು.

ನಮ್ಮ ಪಾಸ್ಟರ್ ಕೆಟ್ಟವರಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಹುಬ್ಬಳ್ಳಿಯ ಮಿಷನ್ ಕಾಂಪೌಂಡಿನೊಳಗೆ ಬೆಳೆದವರು, ದೇವಶಾಸ್ತ್ರ ಓದಿದವರು, ನಮ್ಮೂರಿನ ಸಾವು ನೋವುಗಳಿಗೆ ಬೈಬಲ್ ಹಿಡಿದು ಬಂದು, ಪಂಕ್ತಿಯಲ್ಲಿ ಕೂರದೆ, ಬೈಬಲ್ ಹಿಡಿದೇ ಹೋದವರು. ಮೊದಲು ಬ್ಯಾನರ್ ಬಂತು. ಆಮೇಲೆ ಸಮಿತಿ, ಆಮೇಲೆ ಒಂದೇ ಬಣ್ಣದ ಟೀ ಶರ್ಟು. ಉಪ್ಪಿನ ಚೀಲ ಖಾಲಿಯಾಗಿದೆ ಎಂದು ನಾನು ಬಡಕೊಳ್ಳುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ನಮ್ಮ ಮನೆಯವರು ಎಲ್ಲರಿಗೂ ಕೇಳಿಸುವಂತೆ ಗೊಣಗಿದರು.

ಮತಾಂತರದ ಮಾತು ಬರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬಂತು. ತರುಣನೊಬ್ಬ ಮೋಟಾರ್ ಸೈಕಲ್ಲಿನಲ್ಲಿ ಬಂದು, ಇವರು ಅನ್ನ ಹಾಕಿ ಜಾತಿ ಕೆಡಿಸುತ್ತಾರೆ ಎಂದು ಕೂಗಾಡಿದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನೀ ಎಷ್ಟ್ ರೊಟ್ಟಿ ತಂದೀಪಾ? ಇಲ್ಲಾ? ಹಂಗಾರ ಗಾಡಿ ತಿರಗಸು. ಆಕಿ ನಮ್ಮ ಕೂಡ ಕುಂತ ಉಂಡಾಳ. ನೀ ಉಂಡೀಯೇನ?" ಅವನು ಗಾಡಿ ತಿರುಗಿಸಿದ. ಹೊರಗಿನ ವೈರಿಯಿಂದ ನಮಗೆ ಏನೂ ಆಗಲಿಲ್ಲ. ಆದದ್ದೆಲ್ಲ ನಮ್ಮವರ ಭಕ್ತಿಯಿಂದ.

ಅಡುಗೆಮನೆಗೆ ತಗಡು ಹೊದಿಸಿ, ಅದನ್ನು ದೇವರಿಗೆ ಸಮರ್ಪಿಸುವ ದಿನ ಗೊತ್ತು ಮಾಡಿದರು. ಶುಕ್ರವಾರ. ನಮ್ಮ ಸಭೆಯಲ್ಲಿ ಶುಕ್ರವಾರ ಉಪವಾಸ ಪ್ರಾರ್ಥನೆ. ದಿನ ಬದಲಿಸಿ ಎಂದೆ. ಬುತ್ತಿಯ ರೂಢಿಯನ್ನು ಬಿಡಿಸಿ ಹೇಳಿದೆ. ಪಾಸ್ಟರ್ ಮೆಲ್ಲಗೆ ನಕ್ಕರು. "ಸಹೋದರಿ, ಹಸಿದವರ ಸೇವೆ ಮಾಡುವಾಗ ನಾವೂ ಹಸಿದಿದ್ದರೆ ಅದಕ್ಕಿಂತ ದೊಡ್ಡ ಕಾಣಿಕೆ ಇದೆಯೇ? ಅವರ ಅನ್ನದಲ್ಲಿ ನಾವು ಪಾಲು ತೆಗೆಯುವುದು ಬೇಡ." ಕೇಳಲು ಎಷ್ಟು ಚಂದದ ಮಾತು! ಸಮಿತಿಯವರೆಲ್ಲ ತಲೆದೂಗಿದರು. ನನ್ನ ಮಾತು ಹಂಡೆಯ ತಳಕ್ಕೆ ಹತ್ತಿದ ಸೀಕಲಿನಂತೆ ಅಲ್ಲೇ ಉಳಿಯಿತು.

ಅವತ್ತು ಗೋಧಿ ಹುಗ್ಗಿ, ಅನ್ನ, ಸಾರು. ಹುಬ್ಬಳ್ಳಿಯಿಂದ ಅತಿಥಿಗಳೂ ಬಂದಿದ್ದರು, ಅವರೂ ಉಪವಾಸ. ಊರಿನವರು ಸಾಲಾಗಿ ಕೂತರು. ಎಲೆಗೆ ಹುಗ್ಗಿ ಬಿತ್ತು, ತುಪ್ಪ ಬಿತ್ತು. ಒಬ್ಬರೂ ಕೈ ಹಾಕಲಿಲ್ಲ. ಪಂಕ್ತಿಯ ತುದಿಯಲ್ಲಿ ಒಂದಿಷ್ಟು ಎಲೆಗಳನ್ನು ಖಾಲಿ ಬಿಟ್ಟಿದ್ದರು, ನಮಗಾಗಿ.

ಊರ ಹಿರಿಯನೊಬ್ಬ ಕೈ ಮಾಡಿ ಕರೆದ. "ಬರ್ರಿ ಪಾಸ್ಟರ್ರ, ನೀವ್ ಕುಂದ್ರಿ, ಹುಗ್ಗಿ ಆರತೈತಿ."

"ಇಲ್ಲ ಯಜಮಾನರೇ, ಇವತ್ತು ನಮ್ಮದು ಉಪವಾಸ. ನೀವು ಸಂತೋಷವಾಗಿ ಊಟ ಮಾಡಿ."

"ಒಂದ್ ತುತ್ತು ತಗೋರಿ."

"ಒಂದಗುಳೂ ಮುಟ್ಟುವಂತಿಲ್ಲ," ಎಂದರು ಪಾಸ್ಟರ್, ಹೆಮ್ಮೆಯಿಂದ.

ಹಿರಿಯ ಆ ಟೀ ಶರ್ಟುಗಳನ್ನು ಒಂದೊಂದಾಗಿ ನೋಡಿದ. "ಉಪಾಸ ಇದ್ದವ್ರು ಹುಗ್ಗಿ ಕುದಿಸ್ಕೊಂಡ್ ಬಂದೀರಿ," ಎಂದು ಸಣ್ಣ ದನಿಯಲ್ಲಿ ಅಂದ. ನನಗೆ ತಡೆಯಲಾಗಲಿಲ್ಲ. ಒಂದು ಎಲೆಗೆ ನಾನೇ ಹುಗ್ಗಿ ನೀಡಿಕೊಂಡು ಸೌಟು ಇಟ್ಟು, ಅಕ್ಕನ ಪಕ್ಕ ಹೋಗಿ ಕೂತು, ಎಲ್ಲರ ಎದುರಿಗೆ ಹುಗ್ಗಿ ಕಲಸಿ ಉಂಡೆ. ಅಕ್ಕ ಉಂಡಳು. ಅವಳನ್ನು ನೋಡಿ ಉಳಿದವರೂ ಉಂಡರು, ಸೂಜಿ ನುಂಗುವವರ ಹಾಗೆ. ಸದ್ಯ ಪಾರಾದೆವು ಎಂದುಕೊಂಡೆ.

ಪಾರಾಗಿರಲಿಲ್ಲ. ಸಂಜೆ ಉಪವಾಸ ಮುಗಿಯುವ ಹೊತ್ತಿಗೆ ಅತಿಥಿಗಳನ್ನು ಕಳಿಸಲು ಹೊರಟ ನಮ್ಮವರು ರೋಣದ ಬಸ್ ಸ್ಟ್ಯಾಂಡಿನ ಎದುರು ಗಾಡಿ ನಿಲ್ಲಿಸಿ ಮಿರ್ಚಿ ಭಜಿ, ಗಿರಮಿಟ್, ಚಾ ತರಿಸಿಕೊಂಡರು. ಟೀ ಶರ್ಟು ಬಿಚ್ಚಿರಲಿಲ್ಲ. ಸಂತೆ ಮುಗಿಸಿ ಊರ ಬಸ್ಸಿಗೆ ಕಾಯುತ್ತಿದ್ದ ಆ ಊರಿನ ಹೆಂಗಸರು ಕಣ್ಣಾರೆ ಕಂಡರು. ಬಸ್ಸು ಮುಟ್ಟುವ ಮೊದಲೇ ಫೋನಿನಲ್ಲಿ ಸುದ್ದಿ ಊರು ಮುಟ್ಟಿತ್ತು. ನಮ್ಮೂರಾಗ ಉಪಾಸ, ರೋಣದಾಗ ಮಿರ್ಚಿ!

ಸುಳ್ಳು ಹೇಳಿದರು ಎಂದಷ್ಟೇ ಬೈದಿದ್ದರೆ ನಾನು ಕೈ ಮುಗಿದು ಸರಿಪಡಿಸುತ್ತಿದ್ದೆ. ಅವರು ಲೆಕ್ಕ ಹಾಕಿದ್ದೇ ಬೇರೆ. ಶನಿಕಾಟವಿದ್ದವರು ಎಳ್ಳು, ಎಣ್ಣೆ ದಾನ ಕೊಟ್ಟರೆ ಕೊಟ್ಟದ್ದರಲ್ಲಿ ಒಂದು ಕಾಳನ್ನೂ ತಾವು ಬಾಯಿಗೆ ಹಾಕುವುದಿಲ್ಲ. ಪೀಡೆ ದಾನದ ಜೊತೆಗೆ ಇಸಿದುಕೊಂಡವನ ಮನೆಗೆ ಹೋಗುತ್ತದೆ ಎಂಬ ನಂಬಿಕೆ. ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದ ಮಂದಿ, ಕೈಯಾರೆ ನೀಡಿದ ಹುಗ್ಗಿಯ ಒಂದಗುಳನ್ನೂ ಮುಟ್ಟದೆ ಎದ್ದು ಹೋಗಿ ಬೇರೆ ಊರಲ್ಲಿ ಹೊಟ್ಟೆತುಂಬ ತಿನ್ನುತ್ತಾರೆಂದರೆ ಇನ್ನೇನರ್ಥ? ತಮ್ಮ ಪೀಡೆ ಇಳಿಸಲು ಬಂದಿದ್ದಾರೆ. ಹೊಳೆ ಬಂದು ಎಲ್ಲ ಕಳಕೊಂಡವರು, ಇವರ ತಲೆಯ ಮೇಲೆ ಇನ್ನೊಂದಿಷ್ಟು ಹಾಕಿದರೆ ಯಾರು ಕೇಳುತ್ತಾರೆ ಎಂದುಕೊಂಡಿದ್ದಾರೆ.

ಮರುದಿನ ಅನ್ನ ಮಾಡಿ ಗಂಟೆ ಬಾರಿಸಿದೆ. ಯಾರೂ ಬರಲಿಲ್ಲ. ಮಕ್ಕಳು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ತಾಯಂದಿರು ರಟ್ಟೆ ಹಿಡಿದು ಒಳಗೆಳೆದರು. ಅದರ ಮರುದಿನವೂ ಅಷ್ಟೇ. ನಾನು ಶೆಡ್ಡಿನಿಂದ ಶೆಡ್ಡಿಗೆ ಹೋದೆ. ನಾನು ಉಂಡೆನಲ್ಲ, ನೀವೇ ನೋಡಿದಿರಲ್ಲ ಎಂದು ಬಾಯಿ ನೋಯುವ ತನಕ ಹೇಳಿದೆ. ಹಿರಿಯ ಮುಖ ಕೊಟ್ಟು ಮಾತಾಡಲಿಲ್ಲ. "ನಿಮಗ ಬ್ಯಾರೆ ಡಬರ್ಯಾಗಿಂದ ನೀಡಿದ್ರಂತಲ್ರಿ," ಎಂದ. ನೀಡಿದವರು ಯಾರು? ನಾನೇ! ನನಗೆ ನಾನೇ ಬೇರೆ ಪಾತ್ರೆಯಿಂದ ನೀಡಿಕೊಂಡೆನಂತೆ. ಸಿಟ್ಟು ನೆತ್ತಿಗೇರಿತು. ಆದರೆ ಯಾರನ್ನು ಬೈಯಲಿ?

ಅಕ್ಕ ಒಬ್ಬಳೇ ನೇರವಾಗಿ ಮಾತಾಡಿದಳು. "ನಾ ನಿನ್ನ ನಂಬತೇನಿ, ತಂಗಿ. ನಿನ್ನ ಮಂದಿನ್ನ ನಂಬೂದಿಲ್ಲ. ನಂದೇನ್, ಮುದುಕಿ. ಖರೇ ಆಕಿ ಹೊಟ್ಟ್ಯಾಗ ಕೂಸೈತಿ." ಒಳಗೆ ಮಗಳು ಮೂರು ಕಲ್ಲಿನ ಒಲೆಯ ಹೊಗೆಯಲ್ಲಿ ಕೆಮ್ಮುತ್ತಿದ್ದಳು. ಹತ್ತಿರದಲ್ಲೇ ನನ್ನ ಹಂಡೆಯಲ್ಲಿ ಅನ್ನ ಹಳಸುತ್ತಿತ್ತು.

ಗಜೇಂದ್ರಗಡದಲ್ಲಿ ಸಮಿತಿ ಸೇರಿತು. ನಾನು ಸಭೆಯ ಉಪವಾಸ ಮುರಿದೆನೆಂಬುದೇ ಅವತ್ತಿನ ದೊಡ್ಡ ವಿಷಯ. "ಒಬ್ಬರು ಶಿಸ್ತು ಮೀರಿದಾಗ ಸೈತಾನನಿಗೆ ಬಾಗಿಲು ತೆರೆಯುತ್ತದೆ," ಎಂದರು ಪಾಸ್ಟರ್, ನನ್ನನ್ನು ನೋಡದೆ.

"ಸೈತಾನ ಮಿರ್ಚಿ ಅಂಗಡ್ಯಾಗ ಕುಂತಿದ್ದ, ಪಾಸ್ಟರ್ರ. ನೀವ ಭೆಟ್ಟಿ ಆಗಿ ಬಂದ್ರಿ," ಎಂದೆ.

ನಮ್ಮ ಯೇಸುಸ್ವಾಮಿ ಉಪವಾಸ ಮಾಡಿದ್ದು ಅಡವಿಯಲ್ಲಿ, ಒಬ್ಬನೇ; ಜನರ ನಡುವೆ ಬಂದಾಗಲೆಲ್ಲ ಕೂತು ಉಂಡ, ಕರೆದವರ ಮನೆಗೆಲ್ಲ ಹೋಗಿ ಉಂಡ, ಉಣ್ಣುವುದು ಹೆಚ್ಚಾಯಿತೆಂದು ಬೈಸಿಕೊಂಡ ಎಂದೂ ಹೇಳಿದೆ. ಹಾಸ್ಟೆಲ್ ಅಡುಗೆಯವಳಿಂದ ವೇದಪಾಠ ಕೇಳುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ. ಆ ಊರಿನವರ ಹೃದಯ ಕಠಿಣವಾಗಿದೆ, ಪಾದದ ಧೂಳು ಕೊಡವಿ ಮುಂದೆ ಹೋಗೋಣ ಎಂದು ತೀರ್ಮಾನವಾಯಿತು. ತಗಡು ಬಿಚ್ಚಿದರು, ಹಂಡೆಗಳನ್ನು ಏರಿಸಿದರು. ಮುದುಕಿಯ ತಾಮ್ರದ ಹಂಡೆಯೂ ನರಗುಂದ ಕಡೆಗೆ ಹೋಯಿತು.

ಸೇವೆ ಈಗ ಅಲ್ಲಿ ಚೆನ್ನಾಗಿ ನಡೆದಿದೆ ಎಂದು ಕೇಳುತ್ತೇನೆ. ಬ್ಯಾನರಿನಲ್ಲಿ ಸೌಟು ಹಿಡಿದ ನನ್ನ ಫೋಟೋ ಇದೆಯಂತೆ. ಶುಕ್ರವಾರ ಅಲ್ಲಿ ಅಡುಗೆಮನೆಗೆ ರಜೆ, ಉಳಿದ ದಿನ ನೀಡಿದವರೂ ಜನರ ಜೊತೆಗೇ ಕೂತು ಉಣ್ಣುತ್ತಾರಂತೆ. ಅಂದರೆ ನನ್ನ ಮಾತು ತಿಳಿದಿದೆ. ತಿಳಿದದ್ದನ್ನು ಒಂದು ಸಲ ನನ್ನ ಮುಂದೆ, ಇಲ್ಲವೇ ಆ ಊರಿನವರ ಮುಂದೆ ಬಂದು ಹೇಳಬಹುದಿತ್ತು. ತಪ್ಪನ್ನು ಗುಟ್ಟಾಗಿ ತಿದ್ದಿಕೊಂಡವರನ್ನು ಕಂಡರೆ ನನಗೆ ತಿದ್ದಿಕೊಳ್ಳದವರಿಗಿಂತ ಹೆಚ್ಚು ಉರಿಯುತ್ತದೆ. ಆ ಊರಿನಲ್ಲಿ ಅಡುಗೆಮನೆ ನಿಂತಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ.

ಅಕ್ಕನ ಮಗಳು ಹೆಣ್ಣು ಹಡೆದಳೆಂದು ಬಸ್ಸಿನ ಕಂಡಕ್ಟರನಿಂದ ಸುದ್ದಿ ತಿಳಿಯಿತು. ಅಕ್ಕ ಹೇಳಿ ಕಳಿಸಿರಲಿಲ್ಲ. ಹೇಳದಿದ್ದರೇನು, ಮಾತು ಕೊಟ್ಟವಳು ನಾನು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ತಂದು, ಅಂಟನ್ನು ತುಪ್ಪದಲ್ಲಿ ಅರಳಿಸಿ, ಬಾಣಂತಿಗೆಂದು ಅಂಟಿನುಂಡಿ ಕಟ್ಟಿದೆ. ಹಾಸ್ಟೆಲಿನಲ್ಲಿ ಅಷ್ಟು ವರ್ಷ ದುಡಿದರೂ ಅಷ್ಟು ಮನಸ್ಸಿಟ್ಟು ಏನನ್ನೂ ಮಾಡಿರಲಿಲ್ಲ. "ಬ್ಯಾಡ, ಹೋಗಬ್ಯಾಡ, ಕಳದದ್ದು ಕಳೀತು," ಎಂದರು ನಮ್ಮ ಮನೆಯವರು. ಈ ಸಲವೂ ನಾನೇ ಗೆದ್ದೆ.

ಅಕ್ಕ ಶೆಡ್ಡಿನ ಮುಂದೆ ಕಾಳು ಕೇರುತ್ತಿದ್ದಳು. ಎದ್ದಳು, ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಮಗಳು ಕೂಸಿಗೆ ಹಾಲೂಡಿಸುತ್ತ ಮಲಗಿದ್ದಾಳೆ, ಈಗ ಎಬ್ಬಿಸುವುದು ಬೇಡ ಎಂದಳು. ಬಾಗಿಲಿಗೆ ಅಡ್ಡ ಸೀರೆ ಕಟ್ಟಿತ್ತು. ಎಮ್ಮೆಯ ಹಾಲಿನ ಗಟ್ಟಿ ಚಾ ಮಾಡಿ ಕೊಟ್ಟಳು, ನಾನು ಕುಡಿದೆ. ಡಬ್ಬಿ ತೆರೆದು, ಅವಳು ನೋಡುತ್ತಿರುವಂತೆಯೇ ಒಂದು ಉಂಡಿ ಮುರಿದು ಅರ್ಧ ನಾನು ಬಾಯಿಗೆ ಹಾಕಿಕೊಂಡೆ. ಬೇಕೆಂದೇ ಹಾಗೆ ಮಾಡಿದೆ.

"ಎಷ್ಟ್ ಚಲೋ ಕಟ್ಟೀ," ಎಂದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಆಯಿತು, ನನ್ನ ತಂಗಿತನ ನನಗೆ ಮರಳಿ ಬಂತು ಎಂದು ಎದ್ದು ಬಂದೆ.

ಬಸ್ ಸ್ಟಾಪಿನಲ್ಲಿ ನೆರಳಿರಲಿಲ್ಲ, ಬಸ್ಸಿನ ಸುಳಿವೂ ಇರಲಿಲ್ಲ. ಬಿಸಿಲಿಗೆ ತಲೆ ತಿರುಗತೊಡಗಿತು. ಮಗಳು ಎದ್ದಿದ್ದರೆ ಕೂಸಿನ ಮುಖವನ್ನಾದರೂ ನೋಡಿಕೊಂಡು ಹೋಗೋಣವೆಂದು ಹಿಂದಿನ ಕಾಲುದಾರಿಯಲ್ಲಿ ವಾಪಸ್ಸು ನಡೆದೆ. ಶೆಡ್ಡಿನ ಹಿತ್ತಲಲ್ಲಿ ಎಮ್ಮೆ ಕಟ್ಟಿತ್ತು. ಅದರ ಮುಂದೆ ಮುಸುರೆಯ ಬಕೆಟ್ಟು. ಅಕ್ಕ ಕುಕ್ಕರುಗಾಲಿನಲ್ಲಿ ಕೂತು ನನ್ನ ಡಬ್ಬಿಯಿಂದ ಉಂಡಿಗಳನ್ನು ತೆಗೆದು ಮುಸುರೆ ನೀರಿನಲ್ಲಿ ಹಿಸುಕಿ ಹಿಸುಕಿ ಕರಗಿಸುತ್ತಿದ್ದಳು. ಎಮ್ಮೆ ಮೂತಿ ಮುಂದೆ ಮಾಡಿ ಹಗ್ಗ ಜಗ್ಗುತ್ತಿತ್ತು.

ನನ್ನ ನೆರಳು ಬಿದ್ದು ಅವಳು ತಲೆ ಎತ್ತಿದಳು. ತಗಡಿನ ಆಚೆಯಿಂದ, ಆಗಷ್ಟೇ ಎಚ್ಚರವಾದ ಮಗಳ ದನಿ ಕೇಳಿತು.

"ಯವ್ವಾ, ಚಿಗವ್ವ ಬಂದಂಗಿತ್ತಲ್ಲಬೇ? ಆಕಿ ದನಿ ಕೇಳ್ದಂಗ ಆತು."

ಅಕ್ಕ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವಳ ಕಣ್ಣೂ ತುಂಬಿತ್ತು.

"ಇಲ್ಲವಾ," ಎಂದಳು. "ಯಾರೂ ಬಂದಿಲ್ಲ. ನೀ ಮಕ್ಕೋ."